ಮೂರು ಜೀವದ ಆಟ

2025ರ ಬೇಸಿಗೆಯಲ್ಲಿ ಅಕ್ಕನ ಮಗನ ಮನೆಗೆ ಎರಡು ದಿನಗಳ ಮಟ್ಟಿಗೆ ಹೋಗಿದ್ದೆ. ರಾತ್ರಿಯ ಊಟಕ್ಕೆ ಇನ್ನೂ ಸಮಯವಿತ್ತು. ಅವನು ತನ್ನ ಹತ್ತು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟಿವಿಗೆ ಗೇಮ್ ಯಂತ್ರವನ್ನು ಜೋಡಿಸಿ, ಬಹಳ ಸಂಭ್ರಮದಿಂದ ಒಂದು ಆಟವನ್ನು ತೆರೆದ. “ಮಾವ, ನೆನಪಿದೆಯಾ? ನಮ್ಮ ಹಳೇ ಕಾಂಟ್ರಾ. ಈಗ ಹೊಸದಾಗಿ ಮಾಡಿದ್ದಾರೆ” ಎಂದ. ಪರದೆಯ ಮೇಲೆ ‘ಕಾಂಟ್ರಾ: ಆಪರೇಷನ್ ಗಲೂಗಾ’ ಎಂಬ ಹೆಸರು ಮೂಡಿತು. ಅದೇ ಕಾಡು, ಅದೇ ಇಬ್ಬರು ಯೋಧರು, ಕಿವಿಗೆ ಪರಿಚಿತವಾದ ಅದೇ ರಾಗದ ಹೊಸ ರೂಪ. ನಲವತ್ತು ದಾಟಿದ ಅವನ ಮುಖದಲ್ಲಿ ಹನ್ನೊಂದರ ಹುಡುಗ ಇಣುಕಿದ್ದನ್ನು ಕಂಡು ನನಗೂ ಸಂತೋಷವಾಯಿತು.

ಆ ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಮಗ ಬೇಗ ಬೇಗ ಸತ್ತ. ಈ ಹೊಸ ಆಟದಲ್ಲಿ, ಒಂದೇ ಪೆಟ್ಟಿಗೆ ಸಾಯುವ ಹಳೆಯ ನಿಯಮ ಬೇಕೋ, ನಾಲ್ಕಾರು ಪೆಟ್ಟುಗಳನ್ನು ತಾಳಿಕೊಳ್ಳುವ ಶಕ್ತಿ ಬೇಕೋ ಎಂಬುದನ್ನು ಆಡುವವರೇ ಆರಿಸಿಕೊಳ್ಳಬಹುದು. ಹುಡುಗ ಅದನ್ನು ಪತ್ತೆಹಚ್ಚಿ, ಎರಡನೆಯದನ್ನು ಆರಿಸಲು ಹೋದ. ತಂದೆ ತಡೆದ. “ಒಂದು ಗುಂಡು ತಗುಲಿದರೆ ಸಾಯಬೇಕು. ಇಲ್ಲದಿದ್ದರೆ ಅದು ಕಾಂಟ್ರಾನೇ ಅಲ್ಲ. ನಾವೆಲ್ಲ ಹಾಗೇ ಆಡಿದ್ದು” ಎಂದ. ಮಗ ಇನ್ನೆರಡು ಸಲ ಸತ್ತು, ಕೈಯಲ್ಲಿದ್ದುದನ್ನು ಮೆಲ್ಲನೆ ಕೆಳಗಿಟ್ಟು, “ಅಪ್ಪ, ಇದು ನಿಮ್ಮ ಆಟ, ನೀವೇ ಆಡಿ” ಎಂದು ಹೇಳಿ ಅಡುಗೆಮನೆಗೆ ಎದ್ದುಹೋದ. ತಂದೆ ಒಬ್ಬನೇ ಮುಂದುವರಿಸಿದ. ಸ್ವಲ್ಪ ಹೊತ್ತಿನ ಬಳಿಕ ಅವನೂ ನಿಲ್ಲಿಸಿದ.

ಇದೇನೂ ದೊಡ್ಡ ಜಗಳವಲ್ಲ. ಊಟದ ಹೊತ್ತಿಗೆ ಇಬ್ಬರೂ ಅದನ್ನು ಮರೆತಿದ್ದರು. ಆದರೆ ನನ್ನ ಮನಸ್ಸಿನಲ್ಲಿ ಆ ಪ್ರಶ್ನೆ ಉಳಿದುಕೊಂಡಿತು. ಇಂದು ಹಳೆಯ ಆಟಗಳು ಒಂದರ ಹಿಂದೊಂದು ಮರಳಿ ಬರುತ್ತಿವೆ. ಅವು ಯಾರಿಗಾಗಿ ಬರುತ್ತಿವೆ? ಬರುವಾಗ ಏನನ್ನು ತರುತ್ತಿವೆ, ಏನನ್ನು ಬಿಟ್ಟು ಬರುತ್ತಿವೆ? ನಾನು ಈ ಕ್ಷೇತ್ರದ ಪಂಡಿತನಲ್ಲ. ಆದರೆ ಅಂದಿನಿಂದ ಕೆಲವು ತಿಂಗಳ ಕಾಲ, ಬಿಡುವಿನ ಸಂಜೆಗಳಲ್ಲಿ, ಆ ಅಳಿಯನ ನೆರವಿನಿಂದಲೇ ಇಂಥ ಕೆಲವು ಆಟಗಳನ್ನು ನೋಡಿದ್ದೇನೆ, ತಪ್ಪುತಪ್ಪಾಗಿ ಆಡಿಯೂ ಇದ್ದೇನೆ. ಪುಸ್ತಕವನ್ನೋ ಚಲನಚಿತ್ರವನ್ನೋ ವಿಮರ್ಶಿಸುವಷ್ಟೇ ಗಂಭೀರವಾಗಿ ಇವುಗಳನ್ನೂ ವಿಮರ್ಶಿಸಬಹುದು ಎಂಬುದು ಈಗ ನನ್ನ ಅಭಿಪ್ರಾಯ. ನಮ್ಮ ಮಕ್ಕಳು ಪುಸ್ತಕಕ್ಕಿಂತ ಹೆಚ್ಚು ಹೊತ್ತು ಇವುಗಳ ಜೊತೆ ಕಳೆಯುತ್ತಾರೆ ಎಂಬ ಕಾರಣಕ್ಕಾದರೂ ಅದು ಅಗತ್ಯ.

ಮೊದಲು ಹಳೆಯದರ ಮಾತು. 1994ರ ಬೇಸಿಗೆ ರಜೆ. ನಾನು ಆಗ ಗುರುಮಠದ ವಿದ್ಯಾರ್ಥಿ. ಅಕ್ಕನ ಮನೆಯಲ್ಲಿ ಎರಡು ಮಕ್ಕಳು: ಹನ್ನೊಂದು ವರ್ಷದ ಇವನು, ಆರು ವರ್ಷದ ಅವನ ತಂಗಿ. ಭಾವನವರು ಪಟ್ಟಣದಿಂದ ಒಂದು ‘ಟಿವಿ ಗೇಮ್’ ತಂದುಕೊಟ್ಟಿದ್ದರು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ‘ಫ್ಯಾಮಿಕಾಂ’ ಎಂಬ ಯಂತ್ರದ ಅಗ್ಗದ ನಕಲು ಅದು. ನಮ್ಮ ಮನೆಗಳಿಗೆ ಬಂದವು ಬಹುಪಾಲು ಇಂಥ ನಕಲುಗಳೇ. ಹಳದಿ ಬಣ್ಣದ ಒಂದು ಕ್ಯಾಸೆಟ್, ಅದರ ಮೇಲೆ ಸಾವಿರಾರು ಆಟಗಳಿವೆ ಎಂಬ ಘೋಷಣೆ, ಒಳಗೆ ಅದವೇ ಹತ್ತಿಪ್ಪತ್ತು ಆಟಗಳು ಬೇರೆಬೇರೆ ಹೆಸರಿನಲ್ಲಿ. ಯಂತ್ರ ಹಟ ಹಿಡಿದರೆ ಕ್ಯಾಸೆಟ್ಟನ್ನು ಹೊರತೆಗೆದು ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು. ಇದನ್ನೆಲ್ಲ ಓದುಗರಲ್ಲಿ ಅನೇಕರು ನನಗಿಂತ ಚೆನ್ನಾಗಿ ಬಲ್ಲರು.

ಆ ಹತ್ತಿಪ್ಪತ್ತರಲ್ಲಿ ‘ಮಾರಿಯೊ’ ಮತ್ತು ‘ಕಾಂಟ್ರಾ’ ಇದ್ದೇ ಇರುತ್ತಿದ್ದವು. ಎರಡೂ ಪಕ್ಕಕ್ಕೆ ಸರಿಯುವ ಆಟಗಳು. ಬಸ್ಸಿನ ಕಿಟಕಿಯಿಂದ ನೋಡುವಾಗ ಮರಗಿಡಗಳು ಹಿಂದಕ್ಕೆ ಓಡುವಂತೆ, ನಾಯಕ ಎಡದಿಂದ ಬಲಕ್ಕೆ ಓಡುತ್ತ ಹೋದ ಹಾಗೆ ಇಡೀ ಲೋಕ ಅವನ ಹಿಂದೆ ಸರಿಯುತ್ತದೆ. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ‘ಕಾಂಟ್ರಾ’ವನ್ನು ನಾಣ್ಯ ಹಾಕಿ ಆಡುವ ಅಂಗಡಿ ಯಂತ್ರಕ್ಕಾಗಿ ರಚಿಸಿತು, 1988ರಲ್ಲಿ ಮನೆಯ ಯಂತ್ರಕ್ಕೆ ತಂದಿತು. ಬಿಲ್ ಮತ್ತು ಲ್ಯಾನ್ಸ್ ಎಂಬ ಇಬ್ಬರು ಯೋಧರು ಗಲೂಗಾ ಎಂಬ ದ್ವೀಪಕ್ಕಿಳಿದು, ಬೇರೆ ಲೋಕದಿಂದ ಬಂದು ನೆಲೆಯೂರಿದ ಶತ್ರುವನ್ನು ಎದುರಿಸುವುದೇ ಕಥೆ. ಕಥೆ ನೆಪಮಾತ್ರ. ಕಾಡಿನಲ್ಲಿ ಕಾಲಿಟ್ಟೊಡನೆ ಸ್ಫೋಟಗೊಳ್ಳುವ ಸೇತುವೆಗಳು, ನೀರಿಗಿಳಿದು ತಲೆ ತಗ್ಗಿಸಿದರೆ ತಲೆಯ ಮೇಲೆ ಹಾದುಹೋಗುವ ಗುಂಡುಗಳು, ಐದು ದಿಕ್ಕಿಗೆ ಒಮ್ಮೆಗೇ ಗುಂಡು ಹಾರಿಸುವ ‘ಎಸ್’ ಎಂಬ ಅಕ್ಷರದ ಬಂದೂಕು: ಮಕ್ಕಳ ಮನಸ್ಸಿನಲ್ಲಿ ನಿಂತದ್ದು ಇವು. ಒಂದು ಗುಂಡು ತಾಕಿದರೆ ಸಾವು. ಹಾಗೆ ಮೂರು ಜೀವ.

ಮೂರನೆಯ ಹಂತ ಜಲಪಾತ. ಇಲ್ಲಿ ಮಾತ್ರ ಪರದೆ ಪಕ್ಕಕ್ಕಲ್ಲ, ಮೇಲಕ್ಕೆ ಸರಿಯುತ್ತದೆ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ಇಬ್ಬರು ಆಡುವಾಗ ಒಬ್ಬ ಅವಸರದಿಂದ ಮೇಲೇರಿದರೆ ಪರದೆಯೂ ಅವನ ಜೊತೆ ಮೇಲೇರುತ್ತದೆ. ಕೆಳಗುಳಿದವನು ಪರದೆಯ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಶತ್ರುವಿನ ಗುಂಡಿನಿಂದಲ್ಲ, ಗೆಳೆಯನ ಅವಸರದಿಂದ. ಆ ಬೇಸಿಗೆಯಲ್ಲಿ ಅಣ್ಣ ಓಡಿದ, ತಂಗಿ ಸತ್ತಳು, ಅತ್ತಳು. ಅಕ್ಕ ಬಂದು ಟಿವಿ ಆರಿಸಿದರು. ಮರುದಿನವೂ ಅದೇ. ಒಂದು ವಾರ ಕಳೆಯುವಷ್ಟರಲ್ಲಿ, ಯಾರೂ ಹೇಳದೆಯೇ, ಹುಡುಗ ಒಂದೊಂದು ಬಂಡೆಯ ಮೇಲೂ ನಿಂತು ಕಾಯಲು ಕಲಿತ. “ಬಾ, ಈಗ ಹಾರು” ಎಂದು ಅವನು ಹೇಳುತ್ತಿದ್ದುದು ನನ್ನ ಕಿವಿಯಲ್ಲಿ ಇನ್ನೂ ಇದೆ. ಒಡಹುಟ್ಟಿದವರ ಪ್ರೀತಿಯ ಬಗ್ಗೆ ನಾನು ಗುರುಮಠದಲ್ಲಿ ಕೇಳಿದ್ದ ಉಪನ್ಯಾಸಗಳಲ್ಲಿ ಹಲವು ಇಷ್ಟು ಪರಿಣಾಮಕಾರಿಯಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಹಳೆಯ ಆಟದ ಕಾಠಿಣ್ಯವನ್ನು ಯಾರೋ ಗುರು ಶಿಷ್ಯರ ಹಿತಕ್ಕಾಗಿ ಯೋಜಿಸಿದ್ದು ಎಂದು ಭಾವಿಸಬಾರದು. ಅದರ ಮೂಲ ತೀರಾ ಲೌಕಿಕವಾದದ್ದು. ಅಂಗಡಿಯ ಯಂತ್ರದಲ್ಲಿ ಆಟಗಾರ ಬೇಗ ಸತ್ತಷ್ಟೂ ಬೇಗ ಇನ್ನೊಂದು ನಾಣ್ಯ ಬೀಳುತ್ತದೆ. ಆ ಲೆಕ್ಕಾಚಾರವೇ ಮನೆಯ ಆಟಕ್ಕೂ ಬಂತು. ಎರಡನೆಯ ಕಾರಣ ಸ್ಥಳಾಭಾವ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವಿಡೀ ಕೇವಲ 40 ಕಿಲೊಬೈಟ್‌ಗಳಲ್ಲಿ ಅಡಗಿತ್ತು. ‘ಕಾಂಟ್ರಾ’ದ ಮನೆ ಆವೃತ್ತಿ 128 ಕಿಲೊಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಭಾವಚಿತ್ರ ಇವೆರಡನ್ನೂ ಮೀರಿಸುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ಎಂಟೇ ಹಂತಗಳು; ನುರಿತವನಿಗೆ ಅರ್ಧ ಗಂಟೆಯೂ ಬೇಡ. ಹಣ ಕೊಟ್ಟು ಕೊಂಡವನಿಗೆ ಅದು ತಿಂಗಳುಗಟ್ಟಲೆ ಬಾಳಿಕೆ ಬರಬೇಕಾದರೆ, ಅವನು ಮತ್ತೆ ಮತ್ತೆ ಸತ್ತು ಮೊದಲಿನಿಂದ ಆರಂಭಿಸಬೇಕು. ಅಂದರೆ ಸಾವು ಅಲ್ಲಿ ಸ್ಥಳವನ್ನು ಹಿಗ್ಗಿಸುವ ಉಪಾಯ.

ಆದರೆ ಕೊರತೆಯಿಂದ ಹುಟ್ಟಿದ ವಸ್ತುಗಳಿಗೆ ಕೆಲವೊಮ್ಮೆ ಯೋಜಿಸದ ಗುಣಗಳು ಬರುತ್ತವೆ. ಮೂರೇ ಜೀವವಿದ್ದುದರಿಂದ ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ನೋಡಿ ಕಲಿತರು. ಎಲ್ಲಿ ಬಾಗಬೇಕು, ಎಲ್ಲಿ ಕಾಯಬೇಕು ಎಂಬುದು ನೆರೆಮನೆಯ ಮಕ್ಕಳಿಗೂ ಹಬ್ಬಿತು. ಆ ಪ್ರಸಿದ್ಧ ಗುಟ್ಟನ್ನೇ ನೋಡಿ: ಆಟ ಆರಂಭವಾಗುವ ಮುನ್ನ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂಬ ಕ್ರಮದಲ್ಲಿ ಗುಂಡಿಗಳನ್ನು ಒತ್ತಿದರೆ ಮೂರರ ಬದಲು ಮೂವತ್ತು ಜೀವ! ಇದನ್ನು ಮೊದಲು ಅಳವಡಿಸಿದವರು ಕೊನಾಮಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುವಾಗ, ಅದನ್ನು ಪರೀಕ್ಷಿಸಬೇಕಾದ ಅವರಿಗೇ ಅದು ಕಷ್ಟವಾಯಿತಂತೆ. ತಮ್ಮ ಅನುಕೂಲಕ್ಕೆ ಮಾಡಿಕೊಂಡ ಅಡ್ಡದಾರಿ ಆಟದೊಳಗೇ ಉಳಿದುಹೋಯಿತು. ಹಶಿಮೊಟೊ 2020ರಲ್ಲಿ ತೀರಿಕೊಂಡಾಗ ಲೋಕದ ಮೂಲೆಮೂಲೆಗಳಲ್ಲಿ ನಡುವಯಸ್ಸಿನ ಜನ ಅವರನ್ನು ಸ್ಮರಿಸಿದ್ದು ಈ ಹತ್ತು ಗುಂಡಿಗಳಿಗಾಗಿ. ನನ್ನ ಅಳಿಯನಿಗೆ ಈ ಗುಟ್ಟು ಸಿಕ್ಕಿದ್ದು ಸಹಪಾಠಿಯೊಬ್ಬನಿಂದ. ಗಣಿತದ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಬಾಣದ ಗುರುತುಗಳಾಗಿ. ಅದಕ್ಕೆ ಪ್ರತಿಯಾಗಿ ಅವನು ಏನು ಕೊಟ್ಟ? ಏನೂ ಇಲ್ಲ. ಅದನ್ನು ಮತ್ತೊಬ್ಬನಿಗೆ ಹೇಳಿದ, ಅಷ್ಟೆ.

ಈಗ ಮರಳಿ ಬಂದವುಗಳ ಕಡೆಗೆ ಬರೋಣ.

ಕ್ಯಾಪ್‌ಕಾಮ್ ಕಂಪನಿ 2008ರಲ್ಲಿ ಬಿಡುಗಡೆ ಮಾಡಿದ ‘ಮೆಗಾ ಮ್ಯಾನ್ 9’ ಈ ಪರಂಪರೆಯ ಒಂದು ಮುಖ್ಯ ತಿರುವು. ಅಷ್ಟರಲ್ಲಿ ಯಂತ್ರಗಳು ಸಿನಿಮಾದಂಥ ಚಿತ್ರಗಳನ್ನು ತೋರಿಸಬಲ್ಲವಾಗಿದ್ದವು. ಆದರೂ ರಚನಕಾರರು ಎರಡು ದಶಕ ಹಿಂದಿನ ಯಂತ್ರದಲ್ಲಿ ಆಡುತ್ತಿದ್ದೇವೇನೋ ಎಂಬಂತೆ ಚೌಕಚೌಕವಾದ ಚಿತ್ರಗಳನ್ನೂ ಕಿರುಗುಡುವ ಸಂಗೀತವನ್ನೂ ಬೇಕೆಂದೇ ಆರಿಸಿಕೊಂಡರು. ಇಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಯಂತ್ರಕ್ಕೆ ಒಂದು ಮಿತಿಯಿತ್ತು: ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರತುಣುಕುಗಳನ್ನು ತೋರಿಸಲು ಅದಕ್ಕೆ ಆಗುತ್ತಿರಲಿಲ್ಲ. ಶತ್ರುಗಳು ಗುಂಪುಗೂಡಿದರೆ ಚಿತ್ರಗಳು ಮಿಣುಕುತ್ತಿದ್ದವು. ಹೊಸ ಆಟದಲ್ಲಿ ಆ ಮಿಣುಕನ್ನು ಮರಳಿ ಪಡೆಯಲು ಒಂದು ಪ್ರತ್ಯೇಕ ಆಯ್ಕೆಯನ್ನೇ ಇರಿಸಿದ್ದಾರೆ! ಹಳೆಯ ಇಗರ್ಜಿಯನ್ನು ಜೀರ್ಣೋದ್ಧಾರ ಮಾಡುವಾಗ, ಅಜ್ಜನ ಕಾಲದಲ್ಲಿ ಸೋರುತ್ತಿತ್ತೆಂದು ಹೊಸ ಛಾವಣಿಗೂ ನಾಲ್ಕು ತೂತು ಕೊರೆದಂತೆ. ತಮಾಷೆಗೆ ಸರಿ, ನಿಯಮವಾಗಿ ಬೇಡ. ಆಟ ಮಾತ್ರ ಗಟ್ಟಿಯಾಗಿದೆ ಎಂಬುದನ್ನು ಒಪ್ಪಬೇಕು: ಮಾತಿಲ್ಲದೆ ಕಲಿಸುವ ಕಲೆ ಅದಕ್ಕೆ ಗೊತ್ತಿದೆ. ಅಪಾಯವೊಂದನ್ನು ಮೊದಲು ಸುಲಭವಾದ ಸ್ಥಳದಲ್ಲಿ ತೋರಿಸಿ, ಅನಂತರವೇ ಕಠಿಣವಾದ ಸ್ಥಳದಲ್ಲಿ ಇಡುತ್ತದೆ. ಒಳ್ಳೆಯ ಶಾಲಾ ಶಿಕ್ಷಕರು ಮಾಡುವುದೂ ಇದನ್ನೇ.

ಇದಕ್ಕಿಂತ ಆಳವಾಗಿ ಯೋಚಿಸಿದವರು ಅಮೆರಿಕದ ‘ಯಾಟ್ ಕ್ಲಬ್ ಗೇಮ್ಸ್’ ಎಂಬ ಸಣ್ಣ ತಂಡದವರು. 2013ರಲ್ಲಿ ಜನರಿಂದ ನೇರವಾಗಿ ಮೂರು ಲಕ್ಷ ಡಾಲರ್‌ಗಳಿಗೂ ಹೆಚ್ಚು ಧನಸಹಾಯ ಪಡೆದು, 2014ರಲ್ಲಿ ಅವರು ‘ಶವಲ್ ನೈಟ್’ ಎಂಬ ಆಟವನ್ನು ಹೊರತಂದರು. ಇದು ಯಾವುದೇ ಒಂದು ಹಳೆಯ ಆಟದ ಪುನರುಜ್ಜೀವನವಲ್ಲ, ಒಂದು ಇಡೀ ಪರಂಪರೆಯ ಪುನರುಜ್ಜೀವನ. ಸಲಿಕೆಯನ್ನೇ ಆಯುಧವಾಗಿ ಹಿಡಿದ ವೀರನೊಬ್ಬ, ಕಳೆದುಹೋದ ತನ್ನ ಸಂಗಾತಿಯನ್ನು ಹುಡುಕುತ್ತ ಹೋಗುವ ಕಥೆ. ನೋಟಕ್ಕೆ 1988ರ ಆಟದಂತೆಯೇ ಇದೆ, ಆದರೆ ರಚನಕಾರರು ಮಿಣುಕನ್ನು ತೆಗೆದುಹಾಕಿದ್ದಾರೆ, ಪರದೆಯನ್ನು ಅಗಲಿಸಿದ್ದಾರೆ, ಹಳೆಯ ಯಂತ್ರದಲ್ಲಿ ಇಲ್ಲದ ಒಂದೆರಡು ಬಣ್ಣಗಳನ್ನು ಸೇರಿಸಿದ್ದಾರೆ. ಆ ಕಾಲದ ಆಟಗಳು ಇದ್ದ ಹಾಗಲ್ಲ, ನಮ್ಮ ನೆನಪಿನಲ್ಲಿ ಉಳಿದ ಹಾಗೆ.

ಮುಖ್ಯವಾದದ್ದು ಸಾವಿನ ವಿಚಾರದಲ್ಲಿ ಅವರು ತೆಗೆದುಕೊಂಡ ನಿರ್ಧಾರ. ಇಲ್ಲಿ ಮೂರು ಜೀವದ ಲೆಕ್ಕವಿಲ್ಲ; ಎಷ್ಟು ಸಲವಾದರೂ ಪ್ರಯತ್ನಿಸಬಹುದು. ಹಾಗಾದರೆ ಸೋಲಿಗೆ ಬೆಲೆಯೇ ಇಲ್ಲವೇ? ಇದೆ. ಸತ್ತಾಗ ಸಂಗ್ರಹಿಸಿದ್ದ ಚಿನ್ನದ ಒಂದು ಪಾಲು ಚೀಲಗಳಾಗಿ ಸತ್ತ ಜಾಗದಲ್ಲೇ ಗಾಳಿಯಲ್ಲಿ ತೇಲುತ್ತಿರುತ್ತದೆ. ಮರಳಿ ಅಲ್ಲಿಗೆ ಹೋದರೆ ಅದನ್ನು ಪಡೆಯಬಹುದು. ಹೋಗುವ ದಾರಿಯಲ್ಲೇ ಮತ್ತೆ ಸತ್ತರೆ ಅದು ಹೋಯಿತು. ಇನ್ನೊಂದು ಜಾಣತನವನ್ನೂ ಗಮನಿಸಿ. ಹಾದಿಯ ನಡುನಡುವೆ ಬೆಳಗುವ ಗಾಜಿನ ಗೋಳಗಳಿವೆ. ಸತ್ತರೆ ಅಲ್ಲಿಂದ ಮತ್ತೆ ಆರಂಭ. ಧೈರ್ಯವಿದ್ದವನು ಆ ಗೋಳವನ್ನು ಒಡೆದು ಅದರೊಳಗಿನ ಸಂಪತ್ತನ್ನು ತೆಗೆದುಕೊಳ್ಳಬಹುದು, ಆದರೆ ಅಲ್ಲಿಗೆ ಅವನ ಆಸರೆ ಮುಗಿಯಿತು. ಕಷ್ಟ ಬೇಕಾದವನು ತಾನಾಗಿ ಅದನ್ನು ಹೊತ್ತುಕೊಳ್ಳುತ್ತಾನೆ, ಬೇಡವಾದವನನ್ನು ಯಾರೂ ಹಂಗಿಸುವುದಿಲ್ಲ. ನಾನು ನೋಡಿದ ಇಂಥ ಆಟಗಳಲ್ಲಿ ಇಷ್ಟು ಗೌರವದಿಂದ ಆಟಗಾರನನ್ನು ನಡೆಸಿಕೊಂಡದ್ದು ಬೇರೊಂದಿಲ್ಲ. ನಾನು ಒಂದು ಗೋಳವನ್ನೂ ಒಡೆಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ತಂಡವನ್ನು ಕಟ್ಟಿದವರು ಹಿಂದೆ ದುಡಿಯುತ್ತಿದ್ದುದು ‘ವೇಫಾರ್ವರ್ಡ್’ ಎಂಬ ಕಂಪನಿಯಲ್ಲಿ. ಅದೇ ಕಂಪನಿಯೇ ಕೊನಾಮಿಗಾಗಿ ‘ಆಪರೇಷನ್ ಗಲೂಗಾ’ವನ್ನು ರಚಿಸಿ 2024ರ ಮಾರ್ಚ್‌ನಲ್ಲಿ ಹೊರತಂದದ್ದು. ಕಾಂಟ್ರಾವನ್ನು ಎಬ್ಬಿಸುವ ಪ್ರಯತ್ನ ಅವರಿಗೆ ಹೊಸದಲ್ಲ. 2007ರಲ್ಲಿಯೇ ನಿಂಟೆಂಡೊದ ಎರಡು ಪರದೆಗಳ ಕೈಯಂತ್ರಕ್ಕಾಗಿ ‘ಕಾಂಟ್ರಾ 4’ ಎಂಬುದನ್ನು ಮಾಡಿದ್ದರು. ಅದು ಹಳೆಯದಕ್ಕಿಂತಲೂ ನಿರ್ದಯವಾದ ಆಟವೆಂದು ಹೆಸರಾಯಿತು. ಹಳೆಯ ಅಭಿಮಾನಿಗಳು ಸಂತೋಷಪಟ್ಟರು, ಹೊಸಬರು ಬಾಗಿಲಲ್ಲೇ ನಿಂತರು. ನಡುವೆ 2019ರಲ್ಲಿ ಕೊನಾಮಿ ತಾನೇ ಹೊರತಂದ ‘ರೋಗ್ ಕಾರ್ಪ್ಸ್’ ಎಂಬ ಕಾಂಟ್ರಾ, ಪಕ್ಕಕ್ಕೆ ಸರಿಯುವ ಗುಣವನ್ನೇ ಬಿಟ್ಟುಕೊಟ್ಟು ಎಲ್ಲರ ಟೀಕೆಗೂ ಗುರಿಯಾಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ‘ಗಲೂಗಾ’ ಬಂದದ್ದು ಈ ಎರಡು ಅನುಭವಗಳ ನಂತರ. ಆದ್ದರಿಂದ ಅದರ ಎಚ್ಚರಿಕೆ ಅರ್ಥವಾಗುವಂಥದ್ದು.

ಅದರ ಒಳ್ಳೆಯ ಅಂಶಗಳನ್ನು ಮೊದಲು ಹೇಳಬೇಕು. ಎಂಟು ಹಂತಗಳ ಹಳೆಯ ಅಸ್ಥಿಪಂಜರವನ್ನು ಉಳಿಸಿಕೊಂಡು, ಪ್ರತಿಯೊಂದನ್ನೂ ಹಿಗ್ಗಿಸಿದ್ದಾರೆ. ನಾಯಕರು ಈಗ ಗಾಳಿಯಲ್ಲೇ ಎರಡನೆಯ ಬಾರಿ ಜಿಗಿಯಬಲ್ಲರು, ಸರ್ರನೆ ಮುನ್ನುಗ್ಗಬಲ್ಲರು. ಕೈಯಲ್ಲಿರುವ ಬಂದೂಕನ್ನು ತ್ಯಾಗಮಾಡಿದರೆ ಆ ಕ್ಷಣಕ್ಕೆ ಒದಗುವ ಒಂದು ವಿಶೇಷ ಶಕ್ತಿಯ ಕಲ್ಪನೆ ಹೊಸದು, ಸೊಗಸಾದದ್ದು: ಇರುವುದನ್ನು ಹಿಡಿದುಕೊಂಡಿರಬೇಕೋ ಬಿಟ್ಟುಕೊಡಬೇಕೋ ಎಂಬ ನಿರ್ಧಾರವನ್ನು ಅರೆಕ್ಷಣದಲ್ಲಿ ಮಾಡಬೇಕು. ಪೆಟ್ಟು ತಾಳುವ ಆಯ್ಕೆಯ ಬಗ್ಗೆ ಹಳೆಯ ಆಟಗಾರರು ಮೂಗು ಮುರಿಯುವುದು ನನಗೆ ಸರಿಕಾಣುವುದಿಲ್ಲ. ಕೈ ನಡುಗುವವರು, ಕಣ್ಣು ಮಂಜಾದವರು, ಹತ್ತು ವರ್ಷದವರು, ಇವರೆಲ್ಲ ಬಾಗಿಲೊಳಗೆ ಬರಬೇಕಾದರೆ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ದಾರಿ ಬೇಕು. ಮೆಟ್ಟಿಲನ್ನೇನೂ ಒಡೆದಿಲ್ಲವಲ್ಲ. ಅಂದು ಸಂಜೆ ತಪ್ಪಿದ್ದು ಹುಡುಗನಲ್ಲ, ಅವನ ತಂದೆ. ಇದನ್ನು ಅವನಿಗೂ ಹೇಳಿದ್ದೇನೆ.

ಆದರೂ ಈ ಆಟ ನನಗೆ ಪೂರ್ಣ ಒಪ್ಪಿಗೆಯಾಗಲಿಲ್ಲ. ಚಿತ್ರಗಳು ನುಣುಪಾಗಿವೆ, ಆದರೆ ಹಳೆಯದರ ಒರಟು ಚೌಕಗಳಲ್ಲಿದ್ದ ಖಚಿತತೆ ಅವುಗಳಲ್ಲಿಲ್ಲ. ಯಾವುದು ಗುಂಡು, ಯಾವುದು ಬರಿಯ ಹೊಗೆ ಎಂಬುದು ಗದ್ದಲದಲ್ಲಿ ತಿಳಿಯುವುದಿಲ್ಲ. ಇದು ಚಿಕ್ಕ ದೂರು. ದೊಡ್ಡ ದೂರು ಬೇರೆ ಇದೆ. ಆಟದೊಳಗೆ ಒಂದು ಅಂಗಡಿಯಿದೆ. ಆಡಿ ಗಳಿಸಿದ ಅಂಕಗಳನ್ನು ಕೊಟ್ಟು ಅಲ್ಲಿ ಹೆಚ್ಚಿನ ಜೀವ, ಹೆಚ್ಚಿನ ಬಲ ಮುಂತಾದ ಸವಲತ್ತುಗಳನ್ನು ಕೊಳ್ಳಬಹುದು. ಆ ಸರಕುಗಳ ಸಾಲಿನಲ್ಲಿ, ಬೆಲೆಯ ಚೀಟಿಯೊಂದಿಗೆ, ಹಶಿಮೊಟೊ ಅವರ ಆ ಗುಟ್ಟೂ ಇದೆ! ನೋಟ್‌ಪುಸ್ತಕದ ಕೊನೆಯ ಹಾಳೆಯಿಂದ ಹಾಳೆಗೆ, ಬಾಯಿಂದ ಕಿವಿಗೆ ಬಿಟ್ಟಿಯಾಗಿ ಸಾಗಿದ್ದನ್ನು ಅಂಗಡಿಯ ಕಪಾಟಿನಲ್ಲಿ ಇಟ್ಟಿದ್ದಾರೆ. ನಿಜವಾದ ಹಣವಲ್ಲ, ಆಟದ ಅಂಕಗಳಷ್ಟೇ ಎಂದು ಅಳಿಯ ಸಮಜಾಯಿಷಿ ನೀಡಿದ. ರಚನಕಾರರು ಅದನ್ನು ಪ್ರೀತಿಯ ಹಾಸ್ಯವೆಂದೇ ಇಟ್ಟಿರಬಹುದು, ಅನುಮಾನವಿಲ್ಲ. ಆದರೆ ಗುಟ್ಟು ಎಂಬುದು ಮತ್ತೊಬ್ಬರು ಹೇಳಿಕೊಟ್ಟರೆ ಮಾತ್ರ ಗುಟ್ಟು. ಅಂಗಡಿಯಲ್ಲಿ ಕೊಳ್ಳುವ ಹುಡುಗನಿಗೆ ಗೆಳೆಯನ ಅಗತ್ಯವಿಲ್ಲ. ಹಳೆಯ ಆಟದ ಕಾಡು, ಸೇತುವೆ, ಜಲಪಾತ, ರಾಗ ಎಲ್ಲವನ್ನೂ ಶ್ರದ್ಧೆಯಿಂದ ಮರಳಿ ಕಟ್ಟಿದವರು, ಅದರ ಸುತ್ತ ಮಕ್ಕಳನ್ನು ಒಟ್ಟುಗೂಡಿಸಿದ್ದು ಯಾವುದು ಎಂಬುದನ್ನು ಮಾತ್ರ ಗಮನಿಸಲಿಲ್ಲ ಎಂದು ನನಗನ್ನಿಸುತ್ತದೆ.

ಗುಂಡು ಹಾರಿಸುವ ಆಟದ ಬಗ್ಗೆ ಗುರುವೊಬ್ಬರು ಇಷ್ಟು ಬರೆಯಬಹುದೇ ಎಂದು ಕೆಲವು ತಾಯಂದಿರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹಳೆಯ ಕಾಂಟ್ರಾದಲ್ಲಿ ರಕ್ತವಿಲ್ಲ, ನೋವಿಲ್ಲ. ಶತ್ರುಗಳು ಪಟಾಕಿಯಂತೆ ಸಿಡಿದು ಮಾಯವಾಗುತ್ತಾರೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದೂ ಚರ್ಚಾಸ್ಪದ, ಏಕೆಂದರೆ ನೋವಿಲ್ಲದ ಸಾವನ್ನು ನೋಡಿ ಬೆಳೆದವನಿಗೆ ಸಾವು ಹಗುರವಾಗಬಹುದು. ನಾನು ಯಾವ ಆಟಕ್ಕೂ ಪ್ರಮಾಣಪತ್ರ ಕೊಡುತ್ತಿಲ್ಲ. ಮಗು ಏನನ್ನು ಆಡುತ್ತಿದೆ ಎಂದು ಪಕ್ಕದಲ್ಲಿ ಕೂತು ಒಮ್ಮೆ ನೋಡಿರಿ. ಬಾಗಿಲ ಹೊರಗಿನಿಂದ ಕೇಳಿದ ಗುಂಡಿನ ಸದ್ದಿನಿಂದಲೇ ತೀರ್ಪು ಕೊಡಬೇಡಿರಿ ಎಂಬಷ್ಟೇ ನನ್ನ ಬಿನ್ನಹ.

ಈ ಎಲ್ಲದರ ನಡುವೆ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು, ನಾನು ಎಂದೂ ಇಷ್ಟಪಡಲಾರೆನೆಂದುಕೊಂಡಿದ್ದ ಒಂದು ಆಟ: ‘ಸ್ಟ್ರೀಟ್ಸ್ ಆಫ್ ರೇಜ್ 4’. ಬೀದಿಯಲ್ಲಿ ನಡೆಯುತ್ತ ಎದುರಾದ ಪುಂಡರನ್ನು ಗುದ್ದಿ ಕೆಡಹುತ್ತ ಹೋಗುವ ಸೆಗಾ ಕಂಪನಿಯ ಈ ಸರಣಿ 1991ರಲ್ಲಿ ಆರಂಭವಾಗಿ, 1994ರಲ್ಲಿ ಮೂರನೆಯ ಭಾಗದೊಂದಿಗೆ ನಿಂತುಹೋಗಿತ್ತು. ಇಪ್ಪತ್ತಾರು ವರ್ಷಗಳ ಬಳಿಕ, 2020ರ ಏಪ್ರಿಲ್‌ನಲ್ಲಿ, ಫ್ರಾನ್ಸಿನ ಡಾಟೆಮು ಮತ್ತು ಲಿಜರ್ಡ್‌ಕ್ಯೂಬ್ ಹಾಗೂ ಕೆನಡಾದ ಗಾರ್ಡ್ ಕ್ರಶ್ ಎಂಬ ಮೂರು ತಂಡಗಳು ಸೇರಿ ನಾಲ್ಕನೆಯದನ್ನು ತಂದವು. ಹಳೆಯ ಚೌಕಗಳ ಅನುಕರಣೆ ಇಲ್ಲಿಲ್ಲ. ಎಲ್ಲವೂ ಕೈಯಿಂದ ಬರೆದ ಚಿತ್ರ, ಫ್ರಾನ್ಸಿನ ಚಿತ್ರಕಥೆಯ ಪುಸ್ತಕಗಳ ಹಾಗೆ. ನೆಲದ ಮೇಲೆ ಬಿದ್ದ ಹುರಿದ ಕೋಳಿಯನ್ನು ತಿಂದರೆ ಶಕ್ತಿ ಬರುವ ಹಳೆಯ ಅಸಂಬದ್ಧತೆಯನ್ನು ಮಾತ್ರ ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ.

ಈ ಆಟ ತನ್ನ ನಾಯಕರಿಗೆ ವಯಸ್ಸಾಗಲು ಬಿಟ್ಟಿದೆ. ಹಳೆಯ ನಾಯಕ ಆಕ್ಸೆಲ್ ಮರಳಿ ಬಂದಾಗ ಮುಖದ ತುಂಬ ಗಡ್ಡ, ಮೈ ದಪ್ಪ. ಅವನ ಗೆಳೆಯ ಆ್ಯಡಮನ ಮಗಳು ಚೆರಿ ಈಗ ಬೆಳೆದು ನಿಂತು, ಗಿಟಾರು ಹಿಡಿದು ಬೀದಿಗಿಳಿದಿದ್ದಾಳೆ. ವೈರಿಗಳೂ ಹೊಸಬರು: ಹಳೆಯ ಖಳನ ಅವಳಿ ಮಕ್ಕಳು. ‘ಗಲೂಗಾ’ದ ಬಿಲ್ ಮತ್ತು ಲ್ಯಾನ್ಸ್ ಮೂವತ್ತೇಳು ವರ್ಷಗಳ ನಂತರವೂ ಅದೇ ದ್ವೀಪಕ್ಕೆ, ಅದೇ ಪ್ರಾಯದಲ್ಲಿ, ಮೊದಲ ಬಾರಿಗೆ ಎಂಬಂತೆ ಇಳಿಯುತ್ತಾರೆ, ಅವರಿಗೆ ಏನೂ ನೆನಪಿಲ್ಲ. ಆಕ್ಸೆಲನಿಗೆ ನೆನಪಿದೆ. ಆಡುವ ತಂದೆ ಆಕ್ಸೆಲನನ್ನು ಆರಿಸಿಕೊಳ್ಳಬಹುದು, ಮಗ ಚೆರಿಯನ್ನು. ಒಬ್ಬರ ಆಟ ಇನ್ನೊಬ್ಬರದರ ನಕಲಾಗಬೇಕಿಲ್ಲ. ಅವಳು ಹಗುರ, ಓಡಬಲ್ಲಳು. ಅವನು ನಿಧಾನ, ಆದರೆ ಪೆಟ್ಟು ಭಾರ.

ಪೆಟ್ಟಿನ ಲೆಕ್ಕದಲ್ಲಿಯೂ ಹೊಸ ಯೋಚನೆಯಿದೆ. ಎರಡನೆಯ ಭಾಗದಲ್ಲಿ ನಾಯಕನು ವಿಶೇಷ ಪ್ರಹಾರವೊಂದನ್ನು ಮಾಡಿದರೆ ಅದಕ್ಕಾಗಿ ತನ್ನದೇ ಜೀವಶಕ್ತಿಯಲ್ಲಿ ಒಂದಿಷ್ಟು ತೆರಬೇಕಾಗಿತ್ತು. ಆದ್ದರಿಂದ ಜಿಪುಣರಾದ ಮಕ್ಕಳು ಅದನ್ನು ಬಳಸುತ್ತಲೇ ಇರಲಿಲ್ಲ. ನಾಲ್ಕನೆಯದರಲ್ಲಿಯೂ ತೆರಬೇಕು, ಆದರೆ ತಾನು ಪೆಟ್ಟು ತಿನ್ನದೆ ಮುಂದುವರಿದರೆ ತೆತ್ತದ್ದನ್ನು ಹೊಡೆತಕ್ಕೆ ಇಷ್ಟಿಷ್ಟಾಗಿ ಮರಳಿ ಗಳಿಸಬಹುದು. ನಡುವೆ ಪೆಟ್ಟು ಬಿದ್ದರೆ ಆ ಸಾಲ ಮುಳುಗಿತು. ಕಾಠಿಣ್ಯ ಕಡಿಮೆಯಾಗಿಲ್ಲ, ನ್ಯಾಯ ಹೆಚ್ಚಾಗಿದೆ. ಬೀದಿಯ ಹೊಡೆದಾಟ ನನಗೆ ಈಗಲೂ ಹಿಡಿಸದು; ಹಂತಗಳು ಕೆಲವೊಮ್ಮೆ ಬೇಸರ ತರುವಷ್ಟು ಉದ್ದ. ಆದರೂ ಹಳೆಯದನ್ನು ಎಬ್ಬಿಸುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಅದೇ ಲಿಜರ್ಡ್‌ಕ್ಯೂಬ್ ತಂಡ 2025ರಲ್ಲಿ ‘ಶಿನೋಬಿ’ ಎಂಬ ಮತ್ತೊಂದು ಹಳೆಯ ಆಟವನ್ನೂ ಎಬ್ಬಿಸಿದೆ. ಅದನ್ನು ನಾನು ಇನ್ನೂ ಪೂರ್ತಿ ನೋಡಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹೊಸದಾಗಿ ಕಟ್ಟದೆ ಹಳೆಯದನ್ನು ಇದ್ದಂತೆಯೇ ಕೊಡುವ ದಾರಿಯೂ ಇದೆ. 2019ರಲ್ಲಿ ಕೊನಾಮಿ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ ಎಂಬ ಹೆಸರಿನಲ್ಲಿ ಹಳೆಯ ಕಾಂಟ್ರಾಗಳನ್ನು ಒಂದೇ ಕಟ್ಟಿನಲ್ಲಿ ಇಂದಿನ ಯಂತ್ರಗಳಿಗೆ ಒದಗಿಸಿತು. ಕ್ರಿಸ್ಮಸ್ ಕಳೆದ ಮೂರನೆಯ ದಿನ ಅಕ್ಕನ ಮನೆಯವರೆಲ್ಲ ಅಳಿಯನ ಮನೆಯಲ್ಲಿ ಸೇರಿದ್ದರು. ದೂರದ ಊರಿನಲ್ಲಿ ನೆಲೆಸಿರುವ ಅವನ ತಂಗಿಯೂ ಬಂದಿದ್ದಳು. ಕಾಫಿಯಾದ ಬಳಿಕ ಅಣ್ಣತಂಗಿ ಇಬ್ಬರೂ ಹಳೆಯ ಕಾಂಟ್ರಾವನ್ನು ತೆರೆದು ಕೂತರು. ಚೌಕಚೌಕದ ಅದೇ ಕಾಡು. ಅವಳಿಗೆ ಗುಂಡಿಗಳೇ ಮರೆತುಹೋಗಿದ್ದವು. ನಗುವಿನ ನಡುವೆ ಹೇಗೋ ಮೊದಲೆರಡು ಹಂತಗಳು ಮುಗಿದವು.

ಜಲಪಾತ ಬಂತು. ಅಳಿಯ ಎರಡು ಬಂಡೆ ಹಾರಿ, ಮೂರನೆಯದರ ಮೇಲೆ ಸುಮ್ಮನೆ ನಿಂತ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಹುಡುಗ, “ಅಪ್ಪ, ಹಾರಿ! ಯಾಕೆ ನಿಂತಿದ್ದೀರಿ?” ಎಂದು ಅವಸರಪಡಿಸಿದ. “ಇರು, ಅತ್ತೆ ಬರಲಿ” ಎಂದ ಅವನು. ಹುಡುಗ ಪರದೆಯ ಕೆಳಗಿನ ಅಂಚನ್ನು ನೋಡಿದ, ಅತ್ತೆಯ ಕೈಯನ್ನು ನೋಡಿದ. ಎರಡು ಜೀವ ಕಳೆದುಕೊಂಡ ಅವಳು, “ನನ್ನಿಂದಾಗದಪ್ಪ, ನೀನು ಆಡು” ಎಂದು ಕೈಯಲ್ಲಿದ್ದುದನ್ನು ಅವನಿಗೆ ಕೊಟ್ಟಳು. ಉಳಿದದ್ದು ಒಂದೇ ಜೀವ. ಅಕ್ಕ ಊಟಕ್ಕೆ ಕರೆದು ಎರಡು ಸಲವಾಗಿತ್ತು, ನಾನು ಎದ್ದುಹೋದೆ. ಅವರಿಬ್ಬರೂ ಇನ್ನೂ ಜಲಪಾತದಲ್ಲೇ ಇದ್ದರು.